ಕೋಷ್ಟಕ ೪.೭

ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿಯಲ್ಲಿ
ತಾರೀಕಿನ ಮುದ್ರೆ ಇದ್ದರೆ ಬಳಕೆ,
ಇಲ್ಲದಿದ್ದರೆ ಇಲ್ಲ.
ನನ್ನ ಪಿಎಚ್.ಡಿ. ನಿಂತದ್ದು
ಇಷ್ಟರ ಮೇಲೆ.

ಮೈಸೂರಿನಿಂದ ಬೆಳಗಿನ ಪ್ಯಾಸೆಂಜರ್, ಮಂಡ್ಯದಿಂದ ಆಟೊ,
ಕಬ್ಬಿನ ಗಾಡಿಯ ಹಿಂದೆ ತೆವಳುತ್ತ, ನಾಲೆ ದಾಟಿ
ಹುಣಸೆಕೊಪ್ಪಲಿನ ಪಂಚಾಯಿತಿ ಗ್ರಂಥಾಲಯ.
ಒಂದು ಕೋಣೆ, ನಾಲ್ಕು ಬೀರು,
ಪೇಪರ್ ಓದುವವರಿಗೆ ಒಂದು ಬೆಂಚು,
ಕಾಲು ಅಲ್ಲಾಡದಂತೆ ಅದರಡಿಗೆ ಕೊಟ್ಟ
ಹಳೆಯ ಗೆಜೆಟಿನ ತುಂಡು.
(ಅದನ್ನೂ ಬಳಕೆ ಎನ್ನಬೇಕೇ? ಬರೆದುಕೊಂಡೆ. ಹೊಡೆದುಹಾಕಿದೆ.)

ಮೂರು ದಿನ ಚೀಟಿ ಎಣಿಸಿದೆ.
ಅಡುಗೆ, ಹದಿನಾಲ್ಕು ಸಲ.
ಪೊಲೀಸ್ ಪೇದೆ ಪರೀಕ್ಷೆಯ ಕೈಪಿಡಿ, ಮುದ್ರೆ ಒತ್ತಲು
ಜಾಗವಿಲ್ಲದೆ ಎರಡನೆಯ ಚೀಟಿ.
ಆಮೇಲೆ ಕೆಳಗಿನ ಸಾಲಿನಲ್ಲಿ, ವರ್ಗಾಂಕ ೩೮೭,
ದೀಪಸ್ತಂಭಗಳ ಕುರಿತು ಒಂದು ತೆಳು ಪುಸ್ತಕ.
ಸಮುದ್ರಕ್ಕೂ ಈ ಊರಿಗೂ ಏನು ನಂಟು,
ಯಾವ ಸಗಟು ಖರೀದಿಯ ಮೂಟೆಯಲ್ಲಿ ಬಂದಿತ್ತೋ.
ಚೀಟಿ ಬಿಳಿ. ಒಂದು ಮುದ್ರೆಯೂ ಇಲ್ಲ.
ಸೊನ್ನೆ ಎಂದು ಬರೆದು ಮುಚ್ಚುವಾಗ
ಪುಸ್ತಕ ಮುಚ್ಚಲಿಲ್ಲ.

ಹಾಳೆಗೆ ಹಾಳೆ ಅಂಟಿಕೊಂಡಿತ್ತು.
ಮೂಲೆಗಳು ಮೆತ್ತಗೆ, ಹಳೆ ನೋಟಿನ ಹಾಗೆ.
ಬೆನ್ನಿನ ಹೊಲಿಗೆಯಿಂದ ಕೆಂಪಿರುವೆಗಳ ಒಂದು ಸಾಲು
ನನ್ನ ಪೆನ್ಸಿಲಿಗೆ ದಾರಿ ಬಿಡದೆ
ನಲವತ್ತೊಂದನೆಯ ಪುಟಕ್ಕೆ ಹೋಗಿಬರುತ್ತಿತ್ತು.

ಮೇಲ್ವಿಚಾರಕಿ ಚಿಕ್ಕತಾಯಮ್ಮ ನಕ್ಕಳು:
‘ಅದಾ? ಆಲೆಮನೆ ಮಾಯಿಗಯ್ಯ ಓದೋದು ಕನವ್ವ.
ಠೇವಣಿ ಕಟ್ಟಿಲ್ಲ, ಕಾರ್ಡಿಲ್ಲ, ಮನೆಗೆ ಕೊಡಂಗಿಲ್ಲ.
ಬೈಗೊತ್ತು ಬತ್ತನೆ, ಕಿಟಕಿ ತಾವ ಕುಂತ್ಕತನೆ,
ಓದ್ತನೆ, ಅಲ್ಲೇ ಮಡಗಿ ಓಯ್ತನೆ. ಎಷ್ಟ್ ವರ್ಷದಿಂದವೋ.
ಕೈ ತೊಳ್ಕಂಡು ಬಾರಯ್ಯ ಅಂದ್ರೆ
ತೊಳ್ಕಂಡೇ ಬಂದಿವ್ನಿ, ಬೆಲ್ಲ ಓಗಾಕಿಲ್ಲ ಅಂತನೆ.’

ಸಂಜೆ ಬಂದ. ತಲೆಗೆ ಟವೆಲು,
ಹುಬ್ಬಿನ ಕೂದಲು ಒಲೆಯ ಝಳಕ್ಕೆ ಸುಟ್ಟು ಮೊಟಕು.
ಪ್ರಶ್ನಾವಳಿ ಕೊಟ್ಟೆ. ಏಳನೆಯ ಪ್ರಶ್ನೆ,
ಓದಿನ ಉದ್ದೇಶ: ಮಾಹಿತಿ, ಮನರಂಜನೆ,
ಪರೀಕ್ಷೆ ತಯಾರಿ, ಕಾಲಹರಣ. ಒಂದಕ್ಕೆ ಗುರುತು ಹಾಕಿ.
ಬೆರಳಿಟ್ಟು ನಾಲ್ಕನ್ನೂ ಓದಿದ,
ಬೆರಳೆತ್ತಿದಾಗ ಕಾಗದ ಜೊತೆಗೆದ್ದಿತು.
‘ಯಾವ್ದೂ ಅಲ್ವಲ್ಲ ತಾಯಿ’ ಅಂದ.
‘ರಾತ್ರಿಯೆಲ್ಲ ಒಲೆಗೆ ಸಿಪ್ಪೆ ಒಡ್ತಾ ಕುಂತಿರ್ತೀನಿ.
ಅಲ್ಲೂ ಒಬ್ಬ ದೀಪ ಉರುಸ್ಕಂಡು ಕುಂತವ್ನೆ.
ಅವನ್ದು ಏನ್ ಸಮಾಚಾರ ಅಂತ, ಅಷ್ಟೇಯ.’

ಗಾಣ ಶುರುವಾದ ಸದ್ದಿಗೆ ಎದ್ದು ಹೋದ.
ನನ್ನ ಫಾರಂ ಮೇಲೆ ಒಂದು ಕಂದು ಹೆಬ್ಬೆಟ್ಟು,
ಗುರುತಿಲ್ಲದ ನಾಲ್ಕು ಚೌಕ.

ಮಾನಸಗಂಗೋತ್ರಿಯಲ್ಲಿ ಪದ್ಮಾಕ್ಷಿ ಮೇಡಂ
ಕನ್ನಡಕ ಹಣೆಗೇರಿಸಿ ಇಡೀ ಅಧ್ಯಾಯ ಓದಿದರು.
‘ಇವನು ನೋಂದಾಯಿತ ಸದಸ್ಯನಲ್ಲ,
ಮಾದರಿಯ ಹೊರಗಿನವನು. ತೆಗೆ.
ಇರುವೆಗೆ ಉಲ್ಲೇಖ ಎಲ್ಲಿಂದ ಕೊಡ್ತೀಯ?’
ತೆಗೆದೆ.
ಕೋಷ್ಟಕ ೪.೭ ಈಗ ಚೊಕ್ಕಟವಾಗಿದೆ,
ಎಲ್ಲ ಸೇರಿ ಸರಿಯಾಗಿ ನೂರು.
೩೮೭ರ ಎದುರಿಗೆ ಸೊನ್ನೆ. ಷರಾ:
ಸಂಗ್ರಹದಿಂದ ಕೈಬಿಡಬಹುದು.

ಅದನ್ನು ಟೈಪ್ ಮಾಡಿದ್ದು ನಾನೇ.
ಮಧ್ಯಾಹ್ನ ಮೂರಕ್ಕೆ. ಕೈಗೆ ಏನೂ ಅಂಟಿರಲಿಲ್ಲ.

ಸಹಿ ಹಾಕಿ, ಪೆನ್ನಿನ ಮುಚ್ಚಳ ಹುಡುಕುತ್ತ, ಮೇಡಂ
‘ಅಂದ ಹಾಗೆ ಆ ನಲವತ್ತೊಂದನೆಯ ಪುಟದಲ್ಲಿ
ಅಂಥದ್ದೇನಿತ್ತು?’ ಎಂದರು.
ದೀಪ ಕಾಯುವವನ ಸಂಬಳ, ರಜೆಯ ನಿಯಮ, ಎಂದೆ.
‘ವರ್ಷಕ್ಕೆ ಎಷ್ಟು ರಜೆಯಂತೆ?’

ಆ ಸಾಲನ್ನು ಇರುವೆ ತಿಂದಿತ್ತು.
ಮಾಯಿಗಯ್ಯನಿಗೆ ಗೊತ್ತಿರುತ್ತದೆ.